ಹದಿನೇಳನೆಯ ಅಗತ್ಯ

೨೦೦೩ರಲ್ಲಿ ಹಾಸನದ ಒಂದು ಆಲೂಗೆಡ್ಡೆ ಶೈತ್ಯಾಗಾರಕ್ಕೆ ಕಂಪ್ಯೂಟರ್ ತರಿಸುವುದೆಂದು ತೀರ್ಮಾನವಾಯಿತು. ಏನೇನು ಬೇಕೆಂದು ಪಟ್ಟಿ ಮಾಡಿ, ಮೂರು ಕಂಪನಿಗಳಲ್ಲಿ ಒಂದನ್ನು ಆರಿಸುವ ಕೆಲಸ ಹಂಸಳದು. ರೈತರ ಬಿತ್ತನೆ ಮೂಟೆ ಹುಡುಕಿಕೊಡುವ ಕೆಲಸ ಇಪ್ಪತ್ತು ವರ್ಷದಿಂದ ಚಿಕ್ಕಯ್ಯನದು.

“ಕಂಪ್ಯೂಟ್ರು ಬಂದ್ರೆ ನಾನು ಮನೇಗೆ ಓಗ್ಬೇಕಂತೆ ಕಣವ್ವ,” ಎಂದ ಅವನು. ಆದರೂ ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಹೇಳಿದ.

“ಮೂಟೆ ಇಟ್ಟಾಗ ಕೊಟ್ಟ ಚೀಟೀನ ರೈತರು ಕಳ್ಕೊಂಡು ಬಂದ್ರೆ ಏನ್ಮಾಡ್ತೀರಿ, ಚಿಕ್ಕಯ್ಯನವರೇ?”

“ದಿನಾ ಇಬ್ರು ಮೂವರು ಅಂಗೇ ಬತ್ತಾರೆ. ಮೂಟೆ ಬಾಯಿ ಹೊಲಿಗೆ ನೋಡ್ತೀನಿ. ಒಂದೊಂದು ಮನೇದು ಒಂದೊಂದು ತರ. ಅರಕಲಗೂಡಿನ ಪಾರ್ವತಮ್ಮ ಹಳೇ ಸೀರೆ ಅಂಚಲ್ಲೇ ಹೊಲಿಯೋದು.”

ಹಂಸ ಹದಿನೇಳನೆಯ ಅಗತ್ಯವೆಂದು ಬರೆದುಕೊಂಡಳು: ಚೀಟಿ ಇಲ್ಲದೆಯೂ ಮೂಟೆ ಸಿಗಬೇಕು.

ಮೂರು ಕಂಪನಿಯವರೂ ಬಂದು ತೋರಿಸಿದರು. ಮೂರು ಪರದೆಗಳೂ ಮೊದಲು ಚೀಟಿಯ ನಂಬರ್ ಕೇಳಿದವು. ಉಳಿದ ಹದಿನಾರಕ್ಕೂ ಸರಿಹೊಂದಿದ ಎರಡನೆಯ ಕಂಪನಿಯನ್ನು ಹಂಸ ಆರಿಸಿದಳು.

ಮಾಲೀಕ ಸಂಪತ್ಕುಮಾರ್ ಅವಳ ವರದಿ ಓದಿದರು. “ಹದಿನೇಳಕ್ಕೆ ಯಾವ ಕಂಪನಿ?”

“ಅದು ಯಾರ ಹತ್ರಾನೂ ಇಲ್ಲ, ಸಾರ್. ನಮ್ಮಲ್ಲೇ ಇದೆ. ಬೆಳಿಗ್ಗೆ ಎಂಟಕ್ಕೆ ಬರುತ್ತೆ.”

ಸಂಪತ್ಕುಮಾರ್ ಬಾಗಿಲಲ್ಲಿ ನಿಂತಿದ್ದ ಚಿಕ್ಕಯ್ಯನನ್ನು ನೋಡಿ ವರದಿಗೆ ಸಹಿ ಹಾಕಿದರು. “ವಾರಕ್ಕೊಂದು ರಜೆ ಬೇಕಾಗುತ್ತಾ ಅದಕ್ಕೆ?”

“ಭಾನುವಾರ ಸಾಕು ಸಾ,” ಎಂದ ಚಿಕ್ಕಯ್ಯ.