ಜಾಲಿಮರದ ಗೂಡುಗಳು

"ಇಳ್ದು ಬಾ ಅಂದ್ರೆ ಬಾ! ನೀನು ಮರದ್ ಮ್ಯಾಲ್ ಕುಂತಿದ್ರೆ ತಾಯಕ್ಕಿಗೊಳು ಎಂಗ್ ಬತ್ತವೆ?" ಪಟ್ಟಲಮ್ಮ ಬುಡದಲ್ಲಿ ನಿಂತು ಗಂಡನಿಗೆ ಕಿರುಚಿದಳು.

ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಜಾಲಿಮರ ಹತ್ತಿದ್ದ ಕೆಂಪಸಿದ್ದಯ್ಯ ಒಂದು ಗೂಡಿಗೆ ಕೊಡೆ ಹಿಡಿದಿದ್ದ. ಉಳಿದ ಹತ್ತು ಗೂಡುಗಳಲ್ಲಿ ಪುಕ್ಕ ಬಾರದ ಕೊಕ್ಕರೆ ಮರಿಗಳು ಮಾರ್ಚ್ ತಿಂಗಳ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

"ನಾ ಇಳುದ್ರೆ ಇವೂ ಬೆಂದೋಯ್ತವೆ ಕಣಮ್ಮಿ!"

ಒಂಬತ್ತು ವರ್ಷದ ಹಿಂದೆ ಮಂಡ್ಯದ ಕಸವೆಲ್ಲ ಈ ಕೆರೆಗೇ ಬೀಳುತ್ತಿತ್ತು. ಕಸದ ಲಾರಿಗೆ ಅಡ್ಡ ಮಲಗಿದವನು, ದಂಡೆಗೆ ಜಾಲಿ ನೆಟ್ಟವನು ಇವನೇ. ಹಕ್ಕಿಧಾಮವೆಂದು ಬೋರ್ಡು ಬಿದ್ದ ಮೇಲೆ ಕಾವಲುಗಾರನಾದ, ಭಾನುವಾರ ಬರುವವರಿಗೆ ಹಕ್ಕಿ ತೋರಿಸುವವನೂ ಆದ. ಬಣ್ಣದ ಕೊಕ್ಕರೆ ಗೂಡು ಕಟ್ಟಿದ್ದು ಈ ವರ್ಷವೇ ಮೊದಲು. ನೋಡುವವರು ಮರದ ಸುತ್ತ ಕಟ್ಟಿದ ಹಗ್ಗದಾಚೆ ನಿಂತು ದುರ್ಬೀನಿನಲ್ಲೇ ನೋಡಬೇಕು.

ಆ ಹಗ್ಗವನ್ನು ಬೆಳಿಗ್ಗೆ ಬಿಚ್ಚಿದವನೂ ಇವನೇ. "ಬುಡಕ್ಕೇ ಬನ್ನಿ. ನಮ್ ಕೊಕ್ಕರೆ ಬೆಳ್ಳೂರಲ್ಲಿ ಇವು ಅಟ್ಟಿ ಮುಂದಿನ ಮರದಲ್ಲೇ ಮರಿ ಮಾಡ್ತವೆ. ಬಾಣಂತನಕ್ಕೆ ಬಂದ ಎಣ್ಮಕ್ಳು ಇದ್ದಂಗೆ. ಮನುಸ್ರಿಗೆ ಎದರಾಕಿಲ್ಲ" ಎಂದು ಬಂದವರನ್ನು ಕರೆದಿದ್ದ. ನಲವತ್ತು ಜನ ಮರದಡಿ ಬಂದು "ಅಬ್ಬಾ" ಎಂದದ್ದೇ ತಡ, ಇಡೀ ಹಿಂಡು ಎದ್ದುಹೋಯಿತು. ಜನರನ್ನು ಬಾಯಿಗೆ ಬಂದಂತೆ ಬೈದು ಗೇಟಿನಾಚೆ ಅಟ್ಟಿ ಗಂಟೆಯಾದರೂ ಒಂದೂ ಇಳಿದಿರಲಿಲ್ಲ. ದೂರದಲ್ಲಿ ಸುತ್ತುತ್ತಲೇ ಇದ್ದವು.

"ಬೆಳ್ಳೂರಿನವು ನಮ್ ತಾತನ ಕಾಲ್ದಿಂದ ಜನುನ್ನ ಕಂಡವೆ. ಇವು ನಿನ್ನ ಏನ್ ಕಂಡವೆ? ನಿನ್ ಮೀಸೆ ನೋಡ್ಕಂಡು ಬತ್ತವಾ?"

ಮಾತಿಗೆ ಮೊದಲು ಸಿಡಿಯುವವನು ಈಗ ಕೊಡೆಯನ್ನು ಕೊಂಬೆಗೆ ಕಟ್ಟಲು ನೋಡಿದ.

"ಕರೀ ಕೊಡೆ ಕಂಡ್ರೆ ಅತ್ರಕ್ಕೇ ಬರಾಕಿಲ್ಲ. ಮಡ್ಚು."

ಮಡಚಿದ. ಬಿಸಿಲು ಗೂಡಿಗೆ ಬಿತ್ತು. ಮರಿಯೊಂದು ಅವನ ಕಡೆಗೇ ಕೊಕ್ಕು ಎತ್ತಿ ಕೂಗಿತು. ಅವನು ಆ ಕಡೆ ನೋಡದೆ ಇಳಿದ.

ಇಬ್ಬರೂ ಬಿಚ್ಚಿದ ಹಗ್ಗದಾಚೆಯ ಪೊದೆಯ ಹಿಂದೆ ನೆಲಕ್ಕೆ ಎದೆಯೊತ್ತಿ ಮಲಗಿದರು. ಮರಿಗಳ ಸದ್ದು ಕೇಳುತ್ತಿತ್ತು. ಆಮೇಲೆ ಕೆಲವು ದನಿ ನಿಂತವು. ಅವನು ಕೊಡೆ ಹಿಡಿದು ಏಳಹೊರಟ. ಪಟ್ಟಲಮ್ಮ ಅವನ ಮುಂಗೈಯನ್ನು ಮಣ್ಣಿಗೆ ಒತ್ತಿ ಹಿಡಿದಳು.

ಕೊಕ್ಕರೆಯೊಂದರ ದೊಡ್ಡ ನೆರಳು ನೀರಿನ ಮೇಲೆ ಜಾರುತ್ತ ಬಂತು. ಜಾಲಿಮರವನ್ನು ಹಾದು, ಇಳಿಯದೆ ಮತ್ತೆ ನೀರಿನ ಕಡೆ ತಿರುಗಿತು.