ಮರಳಿ ಹಾಕಿದ ವಾಕ್ಯ

ನಾನು ಒಂದು ಪೆಟ್ಟಿಗೆ. ಬೆಟಗೇರಿಯ ನಮ್ಮ ಕ್ರೈಸ್ತ ದೇವಾಲಯಕ್ಕೆ ಬೆಂಚು ಮಾಡಿ ಮಿಕ್ಕ ಸಾಗುವಾನಿ ಹಲಗೆಯಲ್ಲಿ ಹುಟ್ಟಿದೆ. ಬಡಿಗ ನನಗೆ ಕೈ ತೂರುವಷ್ಟೇ ಬಾಯಿ ಇಟ್ಟ. ಹೊಸವರ್ಷದ ಬೆಳಗಿನ ಆರಾಧನೆಯಲ್ಲಿ ಸಭೆಯವರು ಒಬ್ಬೊಬ್ಬರಾಗಿ ಬಂದು, ಕಣ್ಣು ಮುಚ್ಚಿ, ನನ್ನೊಳಗಿಂದ ಬೈಬಲಿನ ಒಂದು ವಾಕ್ಯ ಬರೆದ ವಾಗ್ದಾನದ ಚೀಟಿ ತೆಗೆಯುತ್ತಾರೆ. ಆ ವರ್ಷಕ್ಕೆ ದೇವರು ಕೊಟ್ಟ ವಾಕ್ಯ ಅದೇ. ಉಳಿದ ದಿನವೆಲ್ಲ ನಾನು ಗಾಜಿನ ಬೀರುವಿನಲ್ಲಿ ಬಂದಿ. ಎಲ್ಲರ ವರ್ಷವೂ ನನ್ನ ಹೊಟ್ಟೆಯಲ್ಲಿದ್ದರೂ ಒಂದನ್ನಾದರೂ ಆರಿಸಿ ಕೊಡುವ ಅಧಿಕಾರ ನನಗಿಲ್ಲ.

ಒಂದು ವರ್ಷ ರೆಬೆಕ್ಕ ಬಂದಳು. ಗಂಡ ಸತ್ಯಮಿತ್ರ ಲಾರಿ ಡ್ರೈವರ್, ಊರಲ್ಲಿರಲಿಲ್ಲ. ಅವನ ಹೆಸರಿನ ಚೀಟಿಯನ್ನೂ ಅವಳೇ ತೆಗೆಯಬೇಕು. ತೆಗೆದು ನೋಡಿದ್ದೇ ಮುಖ ಸಪ್ಪಗಾಯಿತು. ನೀರನ್ನು ಹಾಯುವಾಗ ದೇವರು ಜೊತೆಗಿರುತ್ತಾನೆ ಎಂಬರ್ಥದ ವಾಕ್ಯ.

"ಜೋಡಿ ಇರೋದು ಖರೆ. ಆದ್ರ ನೀರರ ಯಾಕ ಬರಬೇಕು?" ಎಂದು ಗೊಣಗಿ, ಯಾರೂ ನೋಡದಂತೆ ಅದನ್ನು ಮರಳಿ ಹಾಕಿ ಇನ್ನೊಂದು ತೆಗೆದಳು. ಅದರಲ್ಲಿ ಹೋಗುವಾಗಲೂ ಬರುವಾಗಲೂ ಕಾಪಾಡುವ ಮಾತಿತ್ತು. ಅದು ಗಂಡನ ಜೇಬು ಸೇರಿತು. ಮೊದಲಿನದು ನನ್ನ ತಳದ ಸೀಳಿನಲ್ಲಿ ಸಿಕ್ಕಿಕೊಂಡಿತು.

ಮಳೆಗಾಲದಲ್ಲಿ ಸತ್ಯಮಿತ್ರನ ಲಾರಿ ತುಂಬಿದ ಹಳ್ಳದಲ್ಲಿ ಮಗುಚಿತು. ಜೀವ ಉಳಿಯಿತು, ಒಂದು ಕಾಲು ಹೋಯಿತು. ಅವನು ಊರುಗೋಲು ಹಿಡಿದು ಸಭೆಯ ಮುಂದೆ ನಿಂತು, ಈ ವಾಕ್ಯವೇ ನನ್ನನ್ನು ಉಳಿಸಿತು ಎಂದು ಜೇಬಿನಲ್ಲಿದ್ದ ಚೀಟಿ ಎತ್ತಿ ತೋರಿಸಿದ. ಜನ ಸ್ತೋತ್ರ ಎಂದರು. ರೆಬೆಕ್ಕ ತಲೆ ಎತ್ತಲಿಲ್ಲ.

ಬೀರುವಿನ ಧೂಳು ಒರೆಸುವಾಗ ಅವಳು ತನ್ನಷ್ಟಕ್ಕೇ ಹೇಳಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ದೇವರ ಮಾತನ್ನು ತಾನು ಬದಲಿಸಿದ್ದರೆ ಗಂಡನ ಕಾಲು ಹೋದದ್ದು ತನ್ನಿಂದ. ಅದನ್ನು ಬದಲಿಸಲು ಯಾರಿಂದಲೂ ಆಗದು ಎಂದರೆ, ಹಾಗಾದರೆ ಆ ನೀರನ್ನು ಕಳಿಸಿದವನು ದೇವರೇ? ಯಾವ ಕಡೆ ತಿರುಗಿದರೂ ಗೋಡೆ. ಅವಳನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಆದರೆ ನಾನೇನು ಮಾಡಲಿ?

ಮುಂದಿನ ಹೊಸವರ್ಷ ಅವಳ ಕೈ ನನ್ನೊಳಗೆ ಬಂದದ್ದು ಮುಷ್ಟಿ ಕಟ್ಟಿ ನಿಂತುಬಿಟ್ಟಿತು. ಹೊರಗೆ ಬರಲೊಲ್ಲದು.

"ತಗಿಯವಾ," ಎಂದರು ಸಭೆಯ ಪಾದ್ರಿ ಅಯ್ಯನವರು.

ಅವಳು ಗಂಡನ ಕಡೆ ತಿರುಗಿ ಅಳತೊಡಗಿದಳು. "ರೀ, ಹ್ವಾದ ವರ್ಷ ನಿಮಗ ಬಂದಿದ್ದು ಆ ವಾಕ್ಯ ಅಲ್ರೀ. ನೀರಿಂದು ಬಂದಿತ್ತು, ದೇವರು ಜೋಡಿ ಇರ್ತಾನ ಅನ್ನೋದು. ಅಂಜಿ ತಿರಗಿ ಹಾಕಿದೆ. ನಿಮ್ಮ ಕಾಲು ನಾನ ಕಳದೆ."

ಸತ್ಯಮಿತ್ರ ಊರುಗೋಲು ಊರುತ್ತ ಅವಳ ಪಕ್ಕಕ್ಕೆ ಬಂದ.

"ಇಳಸಬ್ಯಾಡ ಅಂತ ಹಳ್ಳದ ದಂಡಿ ಮ್ಯಾಲಿನ ಮಂದಿ ಹೊಯ್ಕೊಂಡ್ರು. ಕಿಸೆದಾಗ ವಾಕ್ಯ ಐತಿ, ಏನಾಗ್ತೈತಿ ಅಂತ ಗಾಡಿ ಇಳಿಸಿದಂವ ನಾನು. ಅದನ್ನ ದೇವರ ಮ್ಯಾಲ ಹಾಕಬ್ಯಾಡ, ನಿನ್ನ ಮ್ಯಾಲೂ ಹಾಕ್ಕೋಬ್ಯಾಡ." ಅವನ ದನಿ ಇಳಿಯಿತು. "ಒಂದು ಮಾತು ಯಾರಿಗೂ ಹೇಳಿಲ್ಲ. ಕುತ್ತಿಗಿಮಟ ನೀರಾಗ ಕಾಲು ಸಿಕ್ಕೊಂಡಾಗ, ನಾ ಒಬ್ಬಾಂವ ಅದೀನಿ ಅಂತ ಒಮ್ಮೆನೂ ಅನಸಲಿಲ್ಲ. ಯಾರೋ ಜೋಡಿ ಇದ್ರು."

ರೆಬೆಕ್ಕಳ ಮುಷ್ಟಿ ಸಡಿಲಿತು. ಕೈ ಬರಿದಾಗಿಯೇ ಹೊರಬಂತು.

ಈಗ ಚೀಟಿಗಳಿಗೆ ಪ್ಲಾಸ್ಟಿಕ್ ಬುಟ್ಟಿ ಬಂದಿದೆ. ನಾನು ಹಿಂದಿನ ಕೋಣೆಯಲ್ಲಿ, ಮುರಿದ ಬೆಂಚಿನ ಕೆಳಗಿದ್ದೇನೆ. ನೀರಿನ ಚೀಟಿ ಇನ್ನೂ ನನ್ನ ಸೀಳಿನಲ್ಲೇ ಇದೆ. ಒಂದು ದಿನವೂ ಅದು ನನ್ನನ್ನು ಬಿಟ್ಟು ಹೊರಗೆ ಹೋಗಿಲ್ಲ. ಆದರೂ ಆ ಹಳ್ಳದವರೆಗೆ ಅದು ಹೇಗೆ ಹೋಗಿ ಮುಟ್ಟಿತೋ, ನನಗೆ ಇಂದಿಗೂ ತಿಳಿದಿಲ್ಲ.