ಹೂವಿಗೆ ಕಟ್ಟಿದ ಬೆಲೆ

ಪಾಳ್ಯದ ನಟರಾಜನನ್ನು ನೀವು ಎರಡು ಸಾವಿರನೇ ಇಸವಿಯ ಮಾರ್ಚಿನಲ್ಲಿ ನೋಡಬೇಕಿತ್ತು. ಮನುಷ್ಯ ಒಂದು ಕಡೆ ಕೂತವನಲ್ಲ. ಅಕ್ಕಿರೊಟ್ಟಿ ಎರಡು ತುತ್ತು ಹಾಕಿಕೊಂಡು ಎದ್ದ, ಅಂಗಳಕ್ಕೆ ಹೋಗಿ ಆಕಾಶ ನೋಡಿದ. ಒಳಗೆ ಬಂದು ಫೋನು ಎತ್ತಿದ. ಫೋನು ಇಟ್ಟು ಮತ್ತೆ ಅಂಗಳ. ಅವನ ಹೆಂಡತಿ ಗಂಗಾಮಣಿ ರೊಟ್ಟಿಯನ್ನು ಬಿಸಿ ಮಾಡಿ ಮಾಡಿ ಸುಸ್ತಾಗಿದ್ದಳು.

ಆಕಾಶ ನೋಡುವುದಕ್ಕೆ ಕಾರಣವಿತ್ತು. ತೋಟದಲ್ಲಿ ರೋಬಸ್ಟಾ ಕಾಫಿ ಗಿಡಗಳು ಮೊಗ್ಗು ಹೊತ್ತು ನಿಂತಿದ್ದವು. ಮೊಗ್ಗು ಅರಳಿಸುವ ಹೂ ಮಳೆಯ ಸುಳಿವಿಲ್ಲ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಸುರಿಸಬೇಕು. ಇಲ್ಲದಿದ್ದರೆ ಮೊಗ್ಗು ಗಿಡದಲ್ಲೇ ಒಣಗಿ, ಆ ವರ್ಷದ ಫಸಲು ಮುಗಿದ ಹಾಗೆ. ನೀರು ಎತ್ತುವ ಡೀಸೆಲ್ ಎಂಜಿನ್ ನೋಡಿದರೆ ಕೆಟ್ಟು ಕೆರೆ ಏರಿಯ ಮೇಲೆ ಕೂತಿತ್ತು. ಆಲೂರಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, "ಇದರ ಆಯಸ್ಸು ಮುಗೀತು ಅಣ್ಣ, ಹೊಸದು ತಗೊಳ್ಳಿ" ಎಂದು ಕೈ ತೊಳೆದುಕೊಂಡು ಹೋದ.

ಹೊಸದಕ್ಕೆ ಹಣ ಇಲ್ಲದೆ ಇರಲಿಲ್ಲ. ಮೆಣಸು ಮಾರಿದ ದುಡ್ಡು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು, ತೆಗೆಯಲು ಇಬ್ಬರ ಸಹಿಯೂ ಬೇಕು. ಆದರೂ ಎಂಜಿನ್ ಬಂದಿರಲಿಲ್ಲ. ಅದಕ್ಕೆ ಕಾರಣ ಆ ಫೋನು.

ಸಕಲೇಶಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪ್ರತಾಪ ಗಂಗಾಮಣಿಯ ತಮ್ಮ. ಅವನು ಸ್ನೇಹಕಟ್ಟೆ ಡಾಟ್ ಕಾಮ್ ಎಂಬ ಕಂಪನಿಯ ಶೇರು ತೆಗೆದುಕೊಂಡಿದ್ದ. ಕಂಪ್ಯೂಟರಿನಲ್ಲಿ ಹೆಸರು ಬರೆಸಿಕೊಂಡವರು ಪರಸ್ಪರ ಸ್ನೇಹ ಮಾಡಿಕೊಂಡು, ಫೋಟೋ ತೋರಿಸಿ, ಹರಟೆ ಹೊಡೆಯುವ ಜಾಗವಂತೆ ಅದು. ಕಂಪನಿ ಶೇರುಪೇಟೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅರವತ್ತು ರೂಪಾಯಿಗೆ ಹಂಚಿದ ಶೇರು ಮುನ್ನೂರಹತ್ತಕ್ಕೆ ಏರಿತ್ತು. ಪ್ರತಾಪ ದಿನಾ ಬೆಳಗ್ಗೆ ಫೋನು ಮಾಡಿ ರೇಟು ಹೇಳುತ್ತಿದ್ದ. ಭಾವನ ಅಂದಿನ ನೆಮ್ಮದಿ ಅಲ್ಲಿಗೆ ಹೋಗುತ್ತಿತ್ತು.

"ಗಂಗಾ, ಚೆಕ್ಕಿಗೆ ಸೈನ್ ಹಾಕೇ. ಇವತ್ತೇ ಹಾಸನದ ಬ್ರೋಕರಿಗೆ ಕಟ್ಬುಡ್ತೀನಿ. ಒಂದು ತಿಂಗಳಲ್ಲಿ ಎರಡು ಎಂಜಿನ್ ದುಡ್ಡು ಬತ್ತದೆ."

"ಒಂದು ತಿಂಗಳಾದ ಮೇಲೆ ಎಂಜಿನ್ ತಂದು ಯಾವುದಕ್ಕೆ ನೀರು ಹೊಡೀತೀರಿ? ಒಣಗಿದ ಕಡ್ಡಿಗಾ?"

"ಮಳೆ ಬತ್ತದೆ ಕಣೇ."

"ಬರೋದಿದ್ರೆ ನೀವ್ಯಾಕೆ ಬೆಳಗಿಂದ ಆಕಾಶಕ್ಕೆ ಕತ್ತು ಚಾಚ್ಕೊಂಡು ನಿಂತಿದ್ದೀರಿ?"

ಮಾತಿನಲ್ಲಿ ಸೋತ ಗಂಡಸರು ಮಾಡುವ ಕೆಲಸವನ್ನೇ ನಟರಾಜನೂ ಮಾಡಿದ, ಶರ್ಟು ಹಾಕಿಕೊಂಡು ಬಸ್ಸು ಹತ್ತಿದ. ಸಕಲೇಶಪುರಕ್ಕೆ ಹೋಗಿ, ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಕೂತು, ಸ್ನೇಹಕಟ್ಟೆಯನ್ನು ಕಣ್ತುಂಬ ನೋಡಿಕೊಂಡು ಸಂಜೆಗೆ ವಾಪಸ್ ಬಂದ. ಮಾರನೇ ದಿನವೂ ಹೋದ, ಅದರ ಮಾರನೇ ದಿನವೂ ಹೋದ. ಇತ್ತ ಮೊಗ್ಗುಗಳ ಹಸಿರು ಮಂಕಾಗುತ್ತಾ ಬಂತು. ಗಂಗಾಮಣಿಗೆ ಗಿಡ ನೋಡಿದರೆ ಸಂಕಟವಾಗುತ್ತಿತ್ತು. ಅಳು ಬರುವಷ್ಟು ಸಿಟ್ಟೂ ಬರುತ್ತಿತ್ತು.

ಕೊನೆಗೆ ಅವಳು ಪಕ್ಕದ ಮನೆಯ ಸುಲೋಚನಮ್ಮನನ್ನು ಕರೆದಳು. ಸುಲೋಚನಮ್ಮ ಆಲೂರಿನ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುವವರು. ಶೇರು ಅಂದರೆ ಮೂಗು ಮುರಿಯುವವರಲ್ಲ, ಅವರ ಹತ್ತಿರವೇ ನಾಲ್ಕಾರು ಕಂಪನಿಯ ಶೇರುಗಳಿವೆ. ನಟರಾಜನಿಗೆ ಅವರು ಚಿಕ್ಕಂದಿನಿಂದ ಅಕ್ಕ. ಅಕ್ಕ ಬಂದದ್ದು ನೋಡಿ ಅವನಿಗೆ ಖುಷಿಯಾಯಿತು.

"ನೀನೇ ಹೇಳಕ್ಕ ಇವಳಿಗೆ. ಶೇರು ತಗೊಳ್ಳೋದು ತಪ್ಪಾ?"

"ತಪ್ಪಲ್ಲ ಕಣೋ. ಬಾ, ತೋಟದ ಕಡೆ ಹೋಗಿ ಮಾತಾಡಾಣ."

ಮೂವರೂ ತೋಟದ ಕಡೆ ನಡೆದರು. ಇಲ್ಲಿ ಒಂದು ಮಾತು ಹೇಳಬೇಕು. ಫಸಲಿನ ಅಂದಾಜು ಹೇಳುವುದರಲ್ಲಿ ನಮ್ಮ ನಟರಾಜ ಸುತ್ತಲ ಹಳ್ಳಿಗೆಲ್ಲ ಹೆಸರುವಾಸಿ. ಗಿಡದಲ್ಲಿರುವ ಕಾಫಿಯನ್ನು ಯಾರಾದರೂ ಗುತ್ತಿಗೆಗೆ ಕೊಳ್ಳುವುದಿದ್ದರೆ ಇವನನ್ನೇ ಕರೆಸುವುದು. ಸಾಲು ಸಾಲಾಗಿ ನಡೆದು, ರೆಂಬೆ ಬಗ್ಗಿಸಿ ಕಾಯಿ ನೋಡಿ, ಹಿಡಿ ಹಣ್ಣನ್ನು ನೀರಿಗೆ ಹಾಕಿ ತೇಲುವ ಜೊಳ್ಳು ಎಷ್ಟು ಎಂದು ನೋಡಿ, ಆಮೇಲೆ ಬಾಯಿ ಬಿಡುತ್ತಾನೆ. ಅವನು ಹೇಳಿದ ಲೆಕ್ಕ ತಪ್ಪಿದ್ದು ಕಡಿಮೆ.

"ಹೋದ ವರ್ಷ ದಯಾನಂದ ನಮ್ಮೂರ ಹುಚ್ಚಣ್ಣನ ತೋಟ ಗುತ್ತಿಗೆಗೆ ಹಿಡಿಯಕ್ಕೆ ಬಂದಿದ್ನಲ್ಲ, ಏನಾಯ್ತು?" ಎಂದು ಸುಲೋಚನಮ್ಮ ಕೇಳಿದರು. ದಯಾನಂದ ಸಕಲೇಶಪುರದ ಕಾಫಿ ವ್ಯಾಪಾರಿ.

"ಹೂವು ನೋಡಿ ಮರುಳಾಗ್ಬುಟ್ಟಿದ್ದ ಮಾರಾಯ್ತಿ. ತೋಟ ಪೂರ್ತಿ ಬೆಳ್ಳಗೆ. ಆಗಲೇ ಅಡ್ವಾನ್ಸ್ ಕೊಡ್ತೀನಿ ಅಂತ ನಿಂತಿದ್ದ. ನಾನೇ ತಡೆದೆ. ಕಾಯಿ ಕಚ್ಚಕ್ಕೆ ಬೇಕಾದ ಎರಡನೇ ಮಳೆ ಬರಲಿಲ್ಲ, ಅರ್ಧ ಹೂವು ಉದುರಿಹೋಯ್ತು."

"ಆ ಕಣ್ಣು ಈ ಕಂಪನಿ ನೋಡೋವಾಗ ಎಲ್ಲಿಗೆ ಹೋಗಿತ್ತು? ಇದಕ್ಕೂ ಒಂದು ಅಂದಾಜು ಹೇಳು."

"ಇದಕ್ಕೆ ಅಂದಾಜು ಹೆಂಗಕ್ಕ?"

"ಹಂಗೇ. ಮೊದಲು ಪೂರ್ತಿ ತೋಟದ ಬೆಲೆ. ಕಂಪನೀದು ಒಟ್ಟು ಎರಡು ಕೋಟಿ ಶೇರು. ಮುನ್ನೂರಹತ್ತರಂತೆ ಗುಣಿಸಿದ್ರೆ ಆರುನೂರಿಪ್ಪತ್ತು ಕೋಟಿ. ಪೇಟೆ ಇವತ್ತು ಆ ಕಂಪನಿಗೆ ಕಟ್ಟಿರೋ ಬೆಲೆ ಅದು. ಹೋದ ವರ್ಷ ಅದರ ಫಸಲು ಎಷ್ಟು ಗೊತ್ತಾ? ಜಾಹೀರಾತಿಂದ ಬಂದದ್ದು ಮೂರು ಕೋಟಿ. ಖರ್ಚು ಒಂಬತ್ತು ಕೋಟಿ. ಶೇರು ಬಿಡೋ ಮುಂಚೆ ಅವರೇ ಅಚ್ಚು ಹಾಕಿಸಿ ಎಲ್ಲರಿಗೂ ಹೇಳಿದ್ದಾರೆ."

ನಟರಾಜ ನಡೆಯುತ್ತಿದ್ದವನು ನಿಂತ. "ಖರ್ಚೇ ಜಾಸ್ತಿನಾ?"

"ಖರ್ಚು ಬಿಡು. ಬಂದದ್ದೆಲ್ಲ ಕೈಗೇ ಬಂತು ಅಂದ್ಕೊ. ಆದ್ರೂ ಹಾಕಿದ ದುಡ್ಡು ವಾಪಸ್ ಬರಕ್ಕೆ ಇನ್ನೂರು ವರ್ಷ ಬೇಕು. ಯಾರಾದ್ರೂ ಆ ರೇಟಿಗೆ ನಿಂಗೆ ತೋಟ ತೋರಿಸಿದ್ರೆ?"

"ಚಪ್ಪಲಿ ತಗೊಂಡು ಓಡಿಸ್ತೀನಿ," ಎಂದಳು ಗಂಗಾಮಣಿ.

ನಟರಾಜ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. "ತಡಿಯಕ್ಕ. ಗಿಡ ನೆಟ್ಟ ವರ್ಷವೇ ಕಾಯಿ ಬಿಡ್ತದಾ? ಎಳೆ ತೋಟಕ್ಕೂ ಬೆಲೆ ಐತೆ. ಇದೂ ಮುಂದೆ ಬೆಳೀತದೆ. ಆಗಲೇ ಹತ್ತು ಲಕ್ಷ ಸದಸ್ಯರು ಅವ್ರೆ!"

"ನ್ಯಾಯವಾದ ಮಾತು," ಎಂದರು ಸುಲೋಚನಮ್ಮ. "ಬೆಳೆದರೂ ಬೆಳೀಬೋದು. ನಾನು ಬೇಡ ಅನ್ನಲ್ಲ. ಎಳೆ ತೋಟ ತಗೊಳ್ಳೋವಾಗ ನೀನು ಏನು ನೋಡ್ತೀಯ?"

"ಎಷ್ಟು ಗಿಡ ಬೇರು ಹಿಡಿದವೆ, ಎಷ್ಟು ಸತ್ತವೆ, ಅದನ್ನ."

"ಸರಿ. ನೀನೂ ಅಲ್ಲಿ ಸದಸ್ಯನಾ?"

"ಹೂಂ. ಮೊದಲನೇ ದಿನವೇ ಆದೆ."

"ದುಡ್ಡು ಎಷ್ಟು ಕೊಟ್ಟೆ?"

"ಯಾಕೆ ಕೊಡಬೇಕು? ಫ್ರೀ."

"ಅಲ್ಲಿ ಯಾವ್ದಾದ್ರೂ ಜಾಹೀರಾತು ನೋಡಿ ಏನಾದ್ರೂ ಕೊಂಡ್ಯಾ?"

"ಅಯ್ಯೋ, ಜಾಹೀರಾತು ಯಾರು ನೋಡ್ತಾರೆ? ಒಳಗೆ ಹೋಗೋದೇ ಕಷ್ಟ. ಎರಡನೇ ದಿನ ಪಾಸ್‌ವರ್ಡ್ ಮರೆತೋಗಿ ಇನ್ನೊಂದು ಹೆಸರು ಬರೆಸಿದೆ. ನಿನ್ನೆ ಅದೂ ಮರೆತೋಯ್ತು, ಮತ್ತೊಂದು..."

ಗಂಗಾಮಣಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಅಂದ್ರೆ ಆ ಹತ್ತು ಲಕ್ಷದಲ್ಲಿ ನಾನೇ ಮೂರು ಜನ," ಎಂದ ನಟರಾಜ, ಮೆಲ್ಲಗೆ. "ಮೂರೂ ಜೊಳ್ಳು."

ಅವನು ಪಕ್ಕದ ಗಿಡದ ರೆಂಬೆ ಬಗ್ಗಿಸಿ ಮೊಗ್ಗು ಮುಟ್ಟಿದ. ತುದಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಆ ದಿನಗಳಲ್ಲಿ ಅವನು ತನ್ನ ಗಿಡವನ್ನು ಮುಟ್ಟಿದ್ದು ಅದೇ ಮೊದಲು. ಮುಖ ಇಳಿದುಹೋಯಿತು. "ಗಂಗಾ, ಎಂಜಿನ್ ಅಂಗಡಿ ಎಷ್ಟು ಗಂಟೆವರೆಗೂ ತೆಗೆದಿರ್ತದೆ?" ಎಂದು ಕೇಳಿದ. ಉತ್ತರ ಹೇಳುವುದಕ್ಕೂ ನಿಲ್ಲದೆ ಅವಳು ಚೆಕ್ಕಿಗೆ ಸೈನ್ ಹಾಕಲು ಮನೆ ಕಡೆ ಓಡಿದಳು.

ಹೊಸ ಎಂಜಿನ್ ಬಂತು, ಸ್ಪ್ರಿಂಕ್ಲರ್ ತಿರುಗಿತು. ಇಷ್ಟಕ್ಕೇ ನಟರಾಜ ತಣ್ಣಗಾದ ಅಂದುಕೊಂಡರೆ ತಪ್ಪು. ನೀರು ಬಿಟ್ಟ ದಿನವೇ ಪ್ರತಾಪನ ಫೋನು ಬಂತು.

"ಭಾವ, ಮುನ್ನೂರ ಎಂಬತ್ತು! ನಾನು ಬಡ್ಕೊಂಡೆ, ನೀವು ಕೇಳಲಿಲ್ಲ. ಎಂಥಾ ಅವಕಾಶ ಕಳ್ಕೊಂಡ್ರಿ!"

ಹೌದು, ಶೇರು ಏರಿತ್ತು. ನಟರಾಜನಿಗೆ ಊಟ ಸೇರಲಿಲ್ಲ. ಪೈಪು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೊರುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದ. ಗಂಗಾಮಣಿ ಪೈಪಿನ ಇನ್ನೊಂದು ತುದಿ ಹಿಡಿದು ಕೇಳಿದಳು, "ರೇಟು ಏರ್ತು ಸರಿ. ಆ ಕಂಪನಿಗೆ ಫಸಲು ಏರ್ತಾ?"

"ಇಲ್ಲ."

"ಹಂಗಾದ್ರೆ ಪೈಪು ಎತ್ತಿ."

ಎಂಟೊಂಬತ್ತು ದಿನಕ್ಕೆ ತೋಟ ಅರಳಿತು. ತುದಿ ಸುಟ್ಟ ಮೊಗ್ಗುಗಳು ಅಲ್ಲಲ್ಲಿ ಉದುರಿದವು, ಮಿಕ್ಕಿದ್ದೆಲ್ಲ ಹೂವಾಯಿತು. ಘಮ ರಸ್ತೆಯವರೆಗೂ ಬರುತ್ತಿತ್ತು. ಗಂಗಾಮಣಿ ಬೆಳಗ್ಗೆ ಎದ್ದು ಅಂಗಳದಲ್ಲಿ ನಿಂತು ಆ ಬಿಳುಪನ್ನು ನೋಡಿ ಅತ್ತೇಬಿಟ್ಟಳು. ಆ ಘಮಕ್ಕೇ ಬಂದನೋ ಏನೋ, ದಯಾನಂದನ ಜೀಪು ಮನೆ ಮುಂದೆ ನಿಂತಿತು.

"ಏನ್ ಹೂವು ನಟರಾಜಣ್ಣ! ಈ ಸಲ ಫಸಲು ನಂಗೇ ಕೊಟ್ಬುಡಿ. ರೇಟು ನೀವೇ ಹೇಳಿ, ಇವತ್ತೇ ಅಡ್ವಾನ್ಸ್."

ನಟರಾಜ ತೋಟದ ಕಡೆ ನೋಡಿದ. ಬಾಯಿಗೆ ಬಂದ ರೇಟು ಹೇಳಿದರೂ ದಯಾನಂದ ಕೊಡುವ ಹುಮ್ಮಸ್ಸಿನಲ್ಲಿದ್ದ. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು, ಪ್ರತಾಪನದೇ ಇರಬೇಕು. ನಟರಾಜ ಎತ್ತಲು ಹೋಗಲಿಲ್ಲ.

"ಹೂವಿಗೆ ನಾನು ಬೆಲೆ ಕಟ್ಟಲ್ಲ ದಯಾನಂದ. ನೀನೂ ಕಟ್ಟಬೇಡ. ಕಾಯಿ ಕಚ್ಚಲಿ, ಆಮೇಲೆ ಬಾ. ಈಗ ಕಾಫಿ ಕುಡಿದು ಹೋಗು."

ಆ ಶೇರು ಆಮೇಲೆ ಏನಾಯಿತು ಎಂದು ನೀವು ಕೇಳೇ ಕೇಳುತ್ತೀರಿ. ಇನ್ನಷ್ಟು ದಿನ ಏರಿತು, ಮಳೆಗಾಲ ಹಿಡಿಯುವ ಹೊತ್ತಿಗೆ ಅರವತ್ತಕ್ಕಿಂತಲೂ ಕೆಳಗಿತ್ತು. ಪ್ರತಾಪ ಮಾರಿರಲಿಲ್ಲ, ಫೋನು ಮಾಡುವುದನ್ನು ಮಾತ್ರ ನಿಲ್ಲಿಸಿದ್ದ. ಆದರೆ ಅದು ಬಿದ್ದದ್ದರಿಂದ ನಟರಾಜ ಗೆದ್ದ ಎನ್ನಬೇಡಿ. ಶೇರು ಮುನ್ನೂರ ಎಂಬತ್ತಿದ್ದ ದಿನ, ಗೊಣಗುತ್ತಲೇ ಅವನು ಪೈಪು ಎತ್ತಿದನಲ್ಲ, ಅವನು ಗೆದ್ದದ್ದು ಆವತ್ತೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಅಂಥ ಫೋನು ಬಂದೀತು. ಹೊಸ ಕಂಪನಿ, ಲಕ್ಷಾಂತರ ಜನ, ದಿನಾ ಏರುವ ರೇಟು ಎಂದು ಯಾರಾದರೂ ಉಸಿರು ಬಿಡದೆ ಹೇಳಿಯಾರು. ಶೇರು ಕೊಳ್ಳಬಾರದು ಎಂದು ನಾವು ಹೇಳುವುದಿಲ್ಲ. ಒಂದು ಶೇರಿನ ರೇಟು ಕೇಳಿ ಸುಮ್ಮನಾಗಬೇಡಿ, ಆ ಲೆಕ್ಕಕ್ಕೆ ಇಡೀ ಕಂಪನಿಯ ಬೆಲೆ ಎಷ್ಟಾಯಿತು ಎಂದು ಕೇಳಿ. ಸೇರಿದ ಜನ ಎಷ್ಟು ಎನ್ನುವುದರ ಜೊತೆಗೆ, ಅವರಿಂದ ಕಂಪನಿಗೆ ಹುಟ್ಟುವ ಆದಾಯ ಎಷ್ಟು, ಖರ್ಚು ಎಷ್ಟು ಎಂದೂ ಕೇಳಿ. ತಿಳಿಯದಿದ್ದರೆ ತಿಳಿದವರ ಜೊತೆ ಕೂತು ಮಾತಾಡಿ, ನಾಚಿಕೆ ಬೇಡ. ಈ ಹಂಗಾಮಿಗೆ ಬೇಕಾದ ಹಣವನ್ನಂತೂ ಮುಟ್ಟಲೇಬೇಡಿ. ಪೇಟೆ ನಾಳೆಯೂ ತೆರೆದಿರುತ್ತದೆ, ಒಣಗಿದ ಮೊಗ್ಗು ಮತ್ತೆ ಅರಳುವುದಿಲ್ಲ.